ಗ್ಯಾರೇಜಿನ ಬೋಂಡಾ, ಪ್ರಭಾ ಆಂಟಿಯ ಬೂಟು

ನಮ್ಮ ಮನೆಗೆ ಚಳಿಗಾಲದಲ್ಲಿ ಊಟಕ್ಕೆ ಬರುವ ಸ್ನೇಹಿತರು ಕೋಟು ಬಿಚ್ಚುವುದನ್ನೇ ಬಿಟ್ಟಿದ್ದಾರೆ. ಅದಕ್ಕೆ ಕಾರಣ ನಾನು. ಯಾರಾದರೂ ಒಲೆ ಹಚ್ಚಿದರೆ ಸಾಕು, ನನ್ನ ಕೈ ತಾನಾಗಿ ಕಿಟಕಿಯ ಕಡೆ ಹೋಗುತ್ತದೆ. ಹೊರಗೆ ಕೊರೆಯುವ ಗಾಳಿ ಇರಲಿ, ಒಲೆಯ ಮೇಲೆ ಬರೀ ಹಾಲು ಕಾಯುತ್ತಿರಲಿ, ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. "ಯಾಕೋ ರಘು, ಇಡೀ ಷಾರ್ಲಟ್‌ಗೆ ನೀನೇ ಹೀಟಿಂಗ್ ಹಾಕಿಸ್ತಿದ್ಯಾ?" ಎಂದು ಗೆಳೆಯನೊಬ್ಬ ರೇಗಿಸುತ್ತಾನೆ. ನನ್ನ ಹೆಂಡತಿ ವೀಣಾ ಮಾತ್ರ ಶಾಲು ಹೊದ್ದುಕೊಂಡು ಚಪಾತಿ ಲಟ್ಟಿಸುತ್ತಾಳೆ. ಈ ಚಟ ನನಗೆ ಎಲ್ಲಿ ಅಂಟಿತು ಎಂಬುದು ಅವಳಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ, ಆದರೆ ಅದಕ್ಕೆ ಮೊದಲು ನಮ್ಮ ಗ್ಯಾರೇಜಿನ ಸಮಾಚಾರ ಹೇಳಬೇಕು.

ಅಮೆರಿಕದಲ್ಲಿ ಗ್ಯಾರೇಜನ್ನು ಕಾರಿಗೆಂದು ಕಟ್ಟುತ್ತಾರೆ. ನಮ್ಮವರು ಅದನ್ನು ಕರಿಯುವುದಕ್ಕೆ ಬಳಸುತ್ತಾರೆ. ಇಲ್ಲಿನ ಮನೆಗಳಲ್ಲಿ ಅಡುಗೆಮನೆಗೆ ಗೋಡೆಯೇ ಇರುವುದಿಲ್ಲ. ರಾತ್ರಿ ಹಾಕಿದ ಇಂಗಿನ ಒಗ್ಗರಣೆ ಮೆಟ್ಟಿಲು ಹತ್ತಿ, ಕಪಾಟು ಹೊಕ್ಕು, ಮಾರನೆಯ ದಿನ ಬ್ಯಾಲಂಟೈನ್ ಬಡಾವಣೆಯ ನಮ್ಮ ಆಫೀಸಿನ ಮೀಟಿಂಗಿನಲ್ಲಿ ನನ್ನ ಕೋಟಿನಿಂದ ಹೊರಗೆ ಬರುತ್ತದೆ. ಹಾಗಾಗಿ ಎಣ್ಣೆಯ ಕೆಲಸವೆಲ್ಲ ಗ್ಯಾರೇಜಿನಲ್ಲಿ. ಮೂಲೆಯಲ್ಲಿ ಸಿಲಿಂಡರಿಗೆ ಜೋಡಿಸಿದ ಎರಡು ಬರ್ನರಿನ ಒಲೆ, ಪಕ್ಕದಲ್ಲಿ ಎಣ್ಣೆ ಕುಡಿದು ಕಪ್ಪಾದ ಬಾಣಲೆ. ಶಟರ್ ಪೂರ್ತಿ ಮೇಲೆತ್ತಿ, ಬೀದಿಗೆ ಮುಖ ಮಾಡಿ ನಿಂತು ಪೂರಿ ಕರಿಯುವುದು ನನ್ನ ಭಾನುವಾರದ ಉದ್ಯೋಗ. ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವ ನೆರೆಯವರು ಮೂಗರಳಿಸಿ ಕೈ ಬೀಸುತ್ತಾರೆ. ನಾನು ಜಾಲರಿ ಸೌಟು ಎತ್ತಿ ತೋರಿಸುತ್ತೇನೆ. ಬ್ಯಾಂಕಿನ ಕೆಲಸದಲ್ಲಿ ನನಗೆ ಯಾವತ್ತೂ ಅಷ್ಟು ಗೌರವ ಸಿಕ್ಕಿಲ್ಲ.

ಮನೆಯೊಳಗೇ ಒಗ್ಗರಣೆ ಹಾಕಲೇಬೇಕಾದ ದಿನಗಳಿಗೆ ಬೇರೆ ಏರ್ಪಾಡಿತ್ತು. ಹಜಾರದ ಚಾವಣಿಯಲ್ಲಿ ಹೊಗೆಯನ್ನೂ ವಿಷಗಾಳಿಯನ್ನೂ ಪತ್ತೆ ಹಚ್ಚುವ ಅಲಾರಂ ಒಂದಿದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಅದು ಬೊಬ್ಬೆ ಹೊಡೆಯುತ್ತಿತ್ತು. ವೀಣಾ ಯಾವುದೋ ಹೋಟೆಲಿನಿಂದ ತಂದಿದ್ದ ಪ್ಲಾಸ್ಟಿಕ್ ಶವರ್ ಕ್ಯಾಪನ್ನು ಅದರ ತಲೆಗೆ ತೊಡಿಸಿ ಬಾಯಿ ಮುಚ್ಚಿಸಿದಳು. ಒಗ್ಗರಣೆ ಮುಗಿದ ಮೇಲೆ ಟೋಪಿ ತೆಗೆಯಬೇಕು ಎಂಬುದು ಒಪ್ಪಂದ. ಅದನ್ನು ಮೊದಲು ಮರೆತವರು ಯಾರು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ.

ಬೆಂಕಿಯೆಂದರೆ ನನಗೆ ಮೊದಲಿನಿಂದಲೂ ಸಲಿಗೆ. ಮೈಸೂರಿನ ವಠಾರದಲ್ಲಿ ಬೆಳೆದವನು ನಾನು. ಚಳಿಯೆಂದರೆ ಡಿಸೆಂಬರಿನ ಬೆಳಗು, ಕಿವಿಯವರೆಗೆ ಎಳೆದ ಮಂಕಿ ಕ್ಯಾಪ್, ಅಷ್ಟೇ. ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ತೆಂಗಿನ ಗರಿ ತುರುಕಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರೆ ಸ್ಕೂಲಿನ ಗಂಟೆಯೂ ಕೇಳಿಸುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಮೂಗಿನಲ್ಲಿ ಮಸಿ ಕಟ್ಟುತ್ತಿತ್ತು. "ಏಳೋ, ಬೆಂದು ಹೋಗ್ತೀಯ" ಎಂದು ಅಜ್ಜಿ ಬೆನ್ನಿಗೆ ಗುದ್ದುವವರೆಗೂ ಆ ಸುಖ ಬಿಟ್ಟು ಏಳಲು ಮನಸ್ಸಿಲ್ಲ. ಆ ಬಚ್ಚಲಿನ ಬಾಗಿಲು ಯಾವತ್ತೂ ಪೂರ್ತಿ ಮುಚ್ಚುತ್ತಿರಲಿಲ್ಲ, ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು ಎಂಬುದು ನನಗೆ ಮುಖ್ಯವೆಂದು ಅನ್ನಿಸಿಯೇ ಇರಲಿಲ್ಲ.

ಇನ್ನು ಪ್ರಭಾ ಆಂಟಿ. ನಮ್ಮದು ಕೊನೆಯಲ್ಲಿ ದುಂಡಗೆ ತಿರುಗಿ ನಿಲ್ಲುವ ಸಣ್ಣ ರಸ್ತೆ. ಅದರ ಈಚೆ ನಾವು, ಆಚೆ ಆಂಟಿ. ಎಪ್ಪತ್ತರ ದಶಕದಲ್ಲಿ ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಇಲ್ಲಿಗೆ ಬಂದವರು. ಆಪರೇಷನ್ ಟೇಬಲ್ಲಿನ ಮೇಲೆ ಜನರಿಗೆ ಅರಿವಳಿಕೆ ಕೊಟ್ಟು, ಕತ್ತರಿ ಕೆಲಸ ಮುಗಿಯುವವರೆಗೆ ಅವರ ಉಸಿರು ಕಾಯುವುದು ಅವರ ವೃತ್ತಿಯಾಗಿತ್ತು. ಈಗ ನಿವೃತ್ತರು, ಒಬ್ಬರೇ ಇದ್ದಾರೆ. ಈ ಊರಿಗೆ ಹೊಸದಾಗಿ ಬಂದ ಕನ್ನಡದವರೆಲ್ಲ ಮೊದಲು ಉಂಡದ್ದು ಆಂಟಿಯ ಮನೆಯಲ್ಲಿ. ನಾವೂ ಅಷ್ಟೇ, ಮನೆಗೆ ಸಾಮಾನು ಬರುವವರೆಗೆ ಅವರ ಮಹಡಿಯ ಕೋಣೆಯಲ್ಲೇ ಮಲಗಿದ್ದೆವು. ಆದರೆ ಅವರನ್ನು ಊಟಕ್ಕೆ ಕರೆದು ನೋಡಿ! ತಾವೇ ಒಂದು ಪಾತ್ರೆ ಹುಳಿ ಹೊತ್ತು ತರುತ್ತಾರೆ, ಬಡಿಸುತ್ತಾರೆ, ಪಾತ್ರೆ ತೊಳೆಯಲು ನಿಲ್ಲುತ್ತಾರೆ, ಕತ್ತಲಾಗುವ ಮೊದಲು ಹೊರಟುಬಿಡುತ್ತಾರೆ. ಉಪಚಾರ ಮಾಡುವುದು ಅವರಿಗೆ ಗೊತ್ತು, ಮಾಡಿಸಿಕೊಳ್ಳುವುದು ಮಾತ್ರ ಗೊತ್ತಿಲ್ಲ.

ನಾನು ಹೇಳುತ್ತಿರುವ ಚಳಿಗಾಲಕ್ಕೆ ಸ್ವಲ್ಪ ಮೊದಲು ಅವರ ಸೊಂಟದ ಕೀಲು ಬದಲಾಯಿಸಿದ್ದರು. ಇನ್ನೊಮ್ಮೆ ಬಿದ್ದರೆ ಮತ್ತೆ ಎದ್ದು ಓಡಾಡುವ ಮಾತಿಲ್ಲ ಎಂದು ಸರ್ಜನ್ ಹೇಳಿದ್ದನ್ನು ಆಂಟಿಯೇ ನಮಗೆ ನಗುತ್ತಾ ತಿಳಿಸಿದ್ದರು. ನಾವು ನಕ್ಕಿರಲಿಲ್ಲ.

ಹೀಗಿರುವಾಗ ಜನವರಿಯಲ್ಲಿ ಐಸ್ ಸ್ಟಾರ್ಮ್ ಬರುತ್ತದೆಂದು ಟೀವಿಯವರು ಕೂಗತೊಡಗಿದರು. ಷಾರ್ಲಟ್ ಅಮೆರಿಕದ ದಕ್ಷಿಣದ ಊರು. ಇಲ್ಲಿ ಬೆಳ್ಳಗೆ ಮೆತ್ತಗೆ ಹಿಮ ಬೀಳುವುದು ಅಪರೂಪ. ಮಳೆಯಾಗಿ ಬಿದ್ದು, ತಾಗಿದ್ದರ ಮೇಲೆಲ್ಲ ಗಾಜಾಗಿ ಕೂರುವುದೇ ಹೆಚ್ಚು. ಸುದ್ದಿ ಬಂದ ಕೂಡಲೇ ಇಲ್ಲಿನವರು ಅಂಗಡಿಗೆ ನುಗ್ಗಿ ಹಾಲು, ಬ್ರೆಡ್ ಖಾಲಿ ಮಾಡುತ್ತಾರೆ. ನಮ್ಮವರು ಇಂಡಿಯನ್ ಸ್ಟೋರಿಗೆ ನುಗ್ಗಿ ಕೊತ್ತಂಬರಿ ಸೊಪ್ಪು ಖಾಲಿ ಮಾಡುತ್ತಾರೆ. ಪ್ರಳಯವೇ ಆದರೂ ಚಟ್ನಿ ಹಸಿರಾಗಿರಬೇಕಲ್ಲ! ನಾನು ಆಲೂಗಡ್ಡೆ, ಕಡಲೆಹಿಟ್ಟು ತಂದೆ. ಟಾರ್ಚಿಗೆ ಸೆಲ್ಲು ತರುವುದು ಮರೆತೆ.

ಬೆಳಿಗ್ಗೆ ಎದ್ದು ನೋಡಿದರೆ ಊರೆಲ್ಲ ಮಿಣಮಿಣ. ಮರಗಳ ರೆಂಬೆಗಳು ಗಾಜಿನ ಕೊಳವೆಯೊಳಗೆ ಸಿಕ್ಕಿಕೊಂಡಿದ್ದವು. ಎಲ್ಲೋ ಒಂದು ಮರ ತಂತಿಯ ಮೇಲೆ ಮುರಿದುಬಿತ್ತು, ಕರೆಂಟು ಹೋಯಿತು. ಅದರೊಂದಿಗೆ ಹೀಟರೂ ಹೋಯಿತು, ನಮ್ಮ ಕರೆಂಟಿನ ಒಲೆಯೂ ಹೋಯಿತು. ನಾನು ಆಂಟಿಗೆ ಫೋನು ಮಾಡಿದೆ.

"ಆಂಟಿ, ನಿಮ್ಮನೇಲೂ ಎಲ್ಲಾ ಎಲೆಕ್ಟ್ರಿಕ್ಕು. ಒಬ್ರೇ ಚಳೀಲಿ ಯಾಕೆ ಕೂತಿರ್ತೀರಿ? ನಾನು ಬಂದು ಕರ್ಕೊಂಡ್ ಬರ್ತೀನಿ."

"ಏನೂ ಬೇಡ. ನಾನು ಮಂಡಿವರೆಗೂ ಹಿಮ ಬೀಳೋ ಬಫಲೋ ಊರಲ್ಲಿ ರೆಸಿಡೆನ್ಸಿ ಮಾಡಿದೋಳು. ಇದೆಲ್ಲ ಒಂದು ಚಳೀನಾ? ಬ್ಲ್ಯಾಂಕೆಟ್ ಇದೆ, ಬಿಸ್ಕತ್ ಇದೆ. ನನಗೋಸ್ಕರ ನೀನು ರೋಡಿಗೆ ಇಳೀಬೇಡ."

ನಾನು ಇಳಿದೆ. ಇಳಿಯುವ ಮೊದಲು, ಕೆಮ್ಮಿಗೆಂದು ಇಟ್ಟುಕೊಂಡಿದ್ದ ಬ್ರಾಂದಿಯಲ್ಲಿ ಒಂದು ಗುಟುಕು ಧೈರ್ಯಕ್ಕೆಂದು ಕುಡಿದೆ. ಮುಂಬಾಗಿಲಿನ ಮೆಟ್ಟಿಲು ಹೇಗೋ ಇಳಿದಾಯಿತು. ಕಾರು ಬೀದಿಗೆ ಇಳಿಸುವ ನಮ್ಮ ಡ್ರೈವ್‌ವೇ ಇಳಿಜಾರು. ಮೊದಲ ಹೆಜ್ಜೆ ನಾನು ಇಟ್ಟೆ, ಮಿಕ್ಕದ್ದನ್ನು ಐಸೇ ನೋಡಿಕೊಂಡಿತು. ಅಂಗಾತ ಬಿದ್ದವನು ಜಾರುಬಂಡೆಯ ಮೇಲಿನ ಮಗುವಿನ ಹಾಗೆ ಹೋಗಿ ಅಂಚೆ ಪೆಟ್ಟಿಗೆಯ ಕಂಬಕ್ಕೆ ತಾಗಿ ನಿಂತೆ. ಆಕಾಶ ನೋಡುತ್ತಾ ಮಲಗಿರುವಾಗ ಜೇಬಿನ ಫೋನು ಹೊಡೆದುಕೊಂಡಿತು. ಆಂಟಿ ತಮ್ಮ ಕಿಟಕಿಯಲ್ಲಿ ನಿಂತಿದ್ದರು.

"ಏಳೋಕೆ ಹೋಗ್ಬೇಡ. ಕೂತ್ಕೊಂಡೇ ಪಕ್ಕದ ಹುಲ್ಲಿನ ಮೇಲೆ ಹೋಗು. ಹುಲ್ಲಿನ ಮೇಲೆ ಐಸ್ ಪುಡಿಯಾಗತ್ತೆ, ಕಾಲು ನಿಲ್ಲತ್ತೆ. ಜೇಬಿಂದ ಕೈ ತೆಗಿ, ಮಂಡಿ ಬಗ್ಗಿಸು, ಪಾದ ಪೂರ್ತಿ ಊರು, ಬಾತುಕೋಳಿ ಥರ ಪುಟ್ಟ ಪುಟ್ಟ ಹೆಜ್ಜೆ. ಕುಡಿದಿದ್ಯಾ?"

"ಒಂದೇ ಗುಟುಕು ಆಂಟಿ, ಚಳಿಗೆ."

"ಶಾಖ ಬಂದ ಹಾಗೆ ಅನ್ಸತ್ತೆ ಅಷ್ಟೆ, ಇರೋ ಶಾಖಾನೂ ಹೊರಗೆ ಹೋಗತ್ತೆ. ಒಳಗೆ ನಡಿ!"

ನಾನು ಬಾತುಕೋಳಿಯಾಗಿ ಹಿಂದಿರುಗಿದೆ. ವೀಣಾ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ, "ರೀ, ನೀವೇ ಹೀಗೆ ಬಿದ್ರೆ ಆಂಟೀನ ಹೇಗ್ರೀ ಕರ್ಕೊಂಡ್ ಬರೋದು?" ಎಂದಳು. ಆ ರಾತ್ರಿ ಇಬ್ಬರೂ ಇದ್ದಬದ್ದ ರಜಾಯಿಗಳನ್ನೆಲ್ಲ ಹೊದ್ದು ಮಲಗಿದೆವು. ಆಚೆ ಮನೆಯ ಕಿಟಕಿ ಕಪ್ಪಗಿತ್ತು. ತಣ್ಣಗಿನ ಆ ಮನೆಯಲ್ಲಿ ಅವರು ಒಬ್ಬರೇ ಇದ್ದಾರೆಂದು ನೆನೆಸಿಕೊಂಡು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ತಲೆ ಸಿಡಿಯುತ್ತಿತ್ತು. ಹಿಂದಿನ ದಿನವೆಲ್ಲ ಕಾಫಿ ಬಿದ್ದಿರಲಿಲ್ಲ, ಸಿಡಿಯದೆ ಇನ್ನೇನು? ಕಾಫಿ ತಪ್ಪಿದರೆ ತಲೆ ನೋಯುವುದು ನಮ್ಮ ಊರಿನವರಿಗೆ ಹುಟ್ಟಿನಿಂದ ಬಂದದ್ದು. ಆಗ ಹೊಳೆಯಿತು, ಗ್ಯಾರೇಜಿನ ಒಲೆಗೆ ಕರೆಂಟು ಬೇಡವಲ್ಲ! ಶಟರ್ ಎತ್ತೋಣವೆಂದು ಗುಂಡಿ ಒತ್ತಿದರೆ ಅದೂ ಕರೆಂಟಿನದು, ಅಲುಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಅಂಥ ಚಳಿಯಲ್ಲಿ ಅದನ್ನು ಎತ್ತುವವರು ಯಾರು? ಎರಡು ಬರ್ನರೂ ಹಚ್ಚಿ ಒಂದರ ಮೇಲೆ ಕಾಫಿಗೆ ನೀರು, ಇನ್ನೊಂದರ ಮೇಲೆ ಬಾಣಲೆ ಇಟ್ಟೆ. ಶಾಖ ಮನೆಗೂ ಹೋಗಲಿ ಎಂದು ಗ್ಯಾರೇಜಿನಿಂದ ಒಳಕ್ಕೆ ಹೋಗುವ ಬಾಗಿಲು ತೆಗೆದಿಟ್ಟೆ. ವೀಣಾ ಮಡಿಸುವ ಕುರ್ಚಿಗಳನ್ನು ತಂದು ಹಾಕಿದಳು. ಹೊರಗೆ ಐಸಿನ ಭಾರಕ್ಕೆ ರೆಂಬೆಗಳು ಪಟಪಟ ಮುರಿಯುತ್ತಿದ್ದರೆ ಒಳಗೆ ಬೋಂಡಾ ಚುರುಗುಟ್ಟುತ್ತಿತ್ತು. ಹಂಡೆಯ ಒಲೆಯ ಮುಂದೆ ಕೂತ ಹುಡುಗನ ಸುಖ ಇಷ್ಟು ವರ್ಷಗಳ ಮೇಲೆ ಮತ್ತೆ ಸಿಕ್ಕಿತ್ತು.

ಒಂದೇ ಕೊರತೆ ಎಂದರೆ, ಕಾಫಿ ಕುಡಿದರೂ ತಲೆನೋವು ಇಳಿಯಲಿಲ್ಲ. ಇನ್ನೊಂದು ಲೋಟ ಕುಡಿದೆ. ಹೆಚ್ಚಾಯಿತು. ವೀಣಾಗೂ ನೋಯತೊಡಗಿತು. ಡಿಕಾಕ್ಷನ್ ಗಟ್ಟಿಯಾಗಿಲ್ಲ ಎಂದುಕೊಂಡು ಮತ್ತೆ ಗಟ್ಟಿಯಾಗಿ ಇಳಿಸಿದೆವು. ಅದನ್ನೂ ಕುಡಿದು, ಆಂಟಿಗೆ ಆಸೆ ಹುಟ್ಟಿಸೋಣವೆಂದು ಫೋನು ಹಚ್ಚಿದೆ. ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು.

"ಆಂಟಿ, ನಮ್ಮ ಗ್ಯಾರೇಜು ಈಗ ಸ್ವರ್ಗ. ಬಿಸಿ ಬಿಸಿ ಬೋಂಡಾ, ಕಾಫಿ. ಆದ್ರೆ ಎಷ್ಟ್ ಕಾಫಿ ಕುಡಿದ್ರೂ ತಲೆನೋವು ಹೋಗ್ತಾ ಇಲ್ಲ. ಪುಡಿ ಹಳೇದಾಗಿದೆ ಅಂತ ಕಾಣತ್ತೆ."

"ವೀಣಾ ಹೇಗಿದಾಳೆ?"

"ಅವಳಿಗೂ ತಲೆನೋವು. ಹೊಟ್ಟೆ ಬೇರೆ ತೊಳಸ್ತಿದೆ ಅಂತಾಳೆ."

"ರಘು, ಶಟರ್ ತೆಗೆದಿದ್ಯಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಫೋನು ಆರಿಹೋಯಿತು. ಶಟರ್ ವಿಚಾರ ಯಾಕೆ ಕೇಳಿದರು, ನಮಗೆ ಚಳಿಯಾದೀತೆಂದು ಕಾಳಜಿ ಇರಬೇಕು ಅಂದುಕೊಂಡೆ. ಯೋಚನೆ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಏನನ್ನು ಯೋಚಿಸಿದರೂ ಅರ್ಧದಲ್ಲಿ ಕೈತಪ್ಪಿ ಹೋಗುತ್ತಿತ್ತು. ವೀಣಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು, ಕೆನ್ನೆ ಕೆಂಪಗಾಗಿತ್ತು. ಪಾಪ, ರಾತ್ರಿ ಚಳಿಯಲ್ಲಿ ನಿದ್ದೆ ಇರಲಿಲ್ಲ, ಮಲಗಲಿ ಎಂದು ಅವಳಿಗೆ ಶಾಲು ಹೊದಿಸಿದೆ. ಅದನ್ನು ನೆನೆಸಿಕೊಂಡಾಗಲೆಲ್ಲ ಈಗಲೂ ಎದ್ದು ಹೋಗಿ ಒಂದು ಕಿಟಕಿ ತೆರೆಯುತ್ತೇನೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಶಟರಿನ ಮೇಲೆ ಧಡ ಧಡ ಏಟು ಬಿತ್ತು.

"ರಘು! ಒಲೆ ಆರ್ಸು! ಓಪನ್ ದಿಸ್ ಡೋರ್!"

"ಕರೆಂಟಿಲ್ಲ ಆಂಟಿ, ಅದು ಏಳಲ್ಲ," ಎಂದೆ. ನಾಲಿಗೆ ದಪ್ಪಗಾಗಿತ್ತು.

"ಮೇಲೆ ನೋಡು! ಕೆಂಪು ಹಿಡಿ ಇರೋ ಹಗ್ಗ ನೇತಾಡ್ತಾ ಇರತ್ತೆ. ಅದನ್ನ ಎಳಿ! ಎಳೆದು ಕೈಯಲ್ಲೇ ಎತ್ತು!"

ಆ ಹಗ್ಗ ಮನೆ ಕೊಂಡಾಗಿನಿಂದ ನನಗೆ ಪರಿಚಿತವೇ. ಯಾತಕ್ಕೆಂದು ತಿಳಿಯದೆ ಅದಕ್ಕೆ ಬೆಳ್ಳುಳ್ಳಿ ಗೊಂಚಲು ನೇತುಹಾಕಿದ್ದೆ. ಒಲೆ ಆರಿಸಿ, ಬೆಳ್ಳುಳ್ಳಿ ಸಮೇತ ಹಗ್ಗ ಜಗ್ಗಿದೆ. ಎಲ್ಲೋ ಏನೋ ಕಳಚಿಕೊಂಡಿತು. ಅಂಚಿನ ಐಸು ಸೀಳಿ ಶಟರ್ ಮೇಲೆದ್ದಿತು, ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು.

ಎದುರಿಗೆ ಪ್ರಭಾ ಆಂಟಿ ನಿಂತಿದ್ದರು. ಮಂಡಿಯವರೆಗೆ ಕೋಟು, ತಲೆಗೆ ಬಿಗಿದ ಶಾಲು, ಕೈಯಲ್ಲಿ ಗಾಲ್ಫ್ ಕೋಲು, ಕಾಲಿಗೆ ಬಿಳಿ ಕಂದು ಬಣ್ಣದ ಹಳೆಯ ಗಾಲ್ಫ್ ಬೂಟು. ಹಿಂದಿನ ಕಾಲದ ಆ ಬೂಟುಗಳ ಅಟ್ಟೆಯಲ್ಲಿ ಲೋಹದ ಮೊಳೆಗಳಿರುತ್ತಿದ್ದವಂತೆ. ಹುಲ್ಲು ಹಾಳಾಗುತ್ತದೆಂದು ಕ್ಲಬ್ಬಿನವರು ಬೇಡವೆಂದ ಮೇಲೂ ಆಂಟಿ ಅವನ್ನು ಎಸೆದಿರಲಿಲ್ಲ. ಅವರ ಮನೆಯ ಹುಲ್ಲು, ರಸ್ತೆ, ನಮ್ಮ ಮನೆಯ ಹುಲ್ಲು, ಎಲ್ಲದರ ಮೇಲೂ ಮೊಳೆ ಚುಚ್ಚಿದ ಸಣ್ಣ ಸಣ್ಣ ಗುರುತು. ಹೊಸ ಸೊಂಟ ಹೊತ್ತುಕೊಂಡು ಅಷ್ಟು ದೂರ ಬಂದಿದ್ದರು.

ಅವರು ನನ್ನನ್ನು ದಾಟಿ ನೇರ ಒಳಗೆ ನುಗ್ಗಿ ವೀಣಾಳ ಕೆನ್ನೆ ತಟ್ಟಿ, "ಏಳು ಮರಿ, ಏಳು, ನನ್ನ ಮುಖ ನೋಡು," ಎಂದು ಹೆಗಲಿಗೆ ಕೈ ಕೊಟ್ಟರು. ಇಬ್ಬರೂ ಸೇರಿ ಅವಳನ್ನು ಹೊರಗಿನ ಗಾಳಿಗೆ ಕರೆತಂದೆವು. ವೀಣಾ ಕಣ್ಣು ಬಿಟ್ಟು, "ಆಂಟಿ, ನೀವ್ಯಾಕೆ ಐಸ್ ಮೇಲೆ ಬಂದ್ರಿ? ಬಿದ್ರೆ?" ಎಂದಳು. ಆಗ ನಾನು ಅತ್ತುಬಿಟ್ಟೆ.

"ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳತ್ತೆ ಕಣೋ," ಎಂದರು ಆಂಟಿ. "ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯಿಸಿ ಹಾಗೇ ನಿದ್ದೆ ಬರ್ಸತ್ತೆ. ನನ್ನ ಲೈಫೆಲ್ಲಾ ನಾನು ಜನಕ್ಕೆ ನಿದ್ದೆ ಬರ್ಸಿದೀನಿ. ಎಬ್ಬಿಸೋದು ಗೊತ್ತಿಲ್ಲದೋರು ಆ ಕೆಲಸಕ್ಕೆ ಕೈ ಹಾಕಬಾರ್ದು."

ಹೊರಡುವ ಮೊದಲೇ ಅವರು ತುರ್ತು ಸಹಾಯಕ್ಕೂ ಫೋನು ಮಾಡಿದ್ದರು. ಚಕ್ರಗಳಿಗೆ ಸರಪಳಿ ಸುತ್ತಿಕೊಂಡ ಫೈರ್ ಇಂಜಿನ್ ತೆವಳುತ್ತಾ ತಡವಾಗಿ ಬಂತು. ನಮ್ಮಿಬ್ಬರ ಬೆರಳಿಗೆ ಕ್ಲಿಪ್ ಹಾಕಿ ನೋಡಿದರು, ಮೂಗಿಗೆ ಆಮ್ಲಜನಕ ಹಿಡಿದರು. ಇನ್ನು ಭಯವಿಲ್ಲ ಎಂದ ಮೇಲೆ ಅವರಲ್ಲೊಬ್ಬ ಮನೆಯೊಳಗೆ ಸುತ್ತಿ ಬಂದು, ಚಾವಣಿಯ ಕಡೆ ಬೆರಳು ಮಾಡಿ, "ಸರ್, ವಾಟ್ ಈಸ್ ದಟ್?" ಎಂದು ಕೇಳಿದ. ಅಲಾರಂ ಸ್ನಾನಕ್ಕೆ ಹೊರಟಂತೆ ಟೋಪಿ ಹಾಕಿಕೊಂಡು ಕೂತಿತ್ತು. ನಾನೂ ವೀಣಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆತ ನಿಟ್ಟುಸಿರು ಬಿಟ್ಟು ತಾನೇ ಟೋಪಿ ಕಿತ್ತು ನನ್ನ ಕೈಗಿಟ್ಟ. ಒಲೆಯನ್ನು ಮನೆಯಿಂದ ದೂರ, ಬಯಲಲ್ಲೇ ಹಚ್ಚಬೇಕೆಂದು ತಾಕೀತು ಮಾಡಿ ಹೋದ. ಹೋಗುವಾಗ ಎರಡು ಬೋಂಡಾ ತೆಗೆದುಕೊಂಡ.

ಎಲ್ಲ ಮುಗಿದ ಮೇಲೆ ಆಂಟಿ ಮನೆಗೆ ಹೊರಡಲೆಂದು ಗ್ಯಾರೇಜಿನ ಅಂಚಿಗೆ ಬಂದರು. ರಸ್ತೆ ನೋಡಿದರು. ಬಿಸಿಲು ಬಿದ್ದು ಅದು ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಒಂದು ಕಾಲು ಮುಂದಿಟ್ಟವರು ಹಿಂದಕ್ಕೆ ಎಳೆದುಕೊಂಡರು.

"ಇದನ್ನ ನಾನು ದಾಟಿ ಬಂದ್ನೇನೋ?" ಎಂದರು ಮೆಲ್ಲಗೆ.

ವೀಣಾ ಅವರ ತೋಳು ಹಿಡಿದುಕೊಂಡಳು. "ಒಳಗೆ ಬನ್ನಿ ಆಂಟಿ."

"ಐಸ್ ಕರಗೋ ತನಕ ಅಷ್ಟೆ," ಎಂದರು. ನಾನು ಕೂತು ಅವರ ಬೂಟಿನ ಲೇಸು ಬಿಚ್ಚಿದೆ. ಬಿಚ್ಚಲು ಬಿಟ್ಟರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಡೆದದ್ದು ಒಂದು ಬಗೆಯ ಹಬ್ಬ. ಗ್ಯಾರೇಜಿನಾಚೆ ಬಯಲಲ್ಲಿ ಒಲೆ ಇಟ್ಟು, ಮಂಕಿ ಕ್ಯಾಪ್ ಹಾಕಿಕೊಂಡು ನಾನು ಬಿಸಿಬೇಳೆಭಾತ್ ಮಾಡಿದೆ. ಕೊತ್ತಂಬರಿ ಸೊಪ್ಪು ಇಲ್ಲವೆಂದು ಯಾರೂ ಸಾಯಲಿಲ್ಲ. ಮೂವರೂ ಒಂದೇ ಕೋಣೆಯಲ್ಲಿ ಹಾಸಿಗೆ ಎಳೆದುಕೊಂಡು, ಬಫಲೋದ ಹಿಮದಲ್ಲಿ ಆಂಟಿ ಸೀರೆಯುಟ್ಟು ಬಸ್ಸಿಗೆ ಕಾದ ಕತೆಗಳನ್ನು ಕೇಳಿದೆವು. ಮೊದಲ ದಿನ ಅವರು ತಟ್ಟೆ ತೊಳೆಯಲು ಎದ್ದರು. ಎರಡನೆಯ ದಿನ ಎದ್ದಂತೆ ಮಾಡಿ ಕೂತರು. ವೀಣಾ ಕಾಲಿಗೆ ಎಣ್ಣೆ ಹಚ್ಚಲು ಹೋದಾಗ, "ಥೂ, ಇದೆಲ್ಲ ಯಾಕಮ್ಮ," ಎನ್ನುತ್ತಲೇ ಇನ್ನೊಂದು ಕಾಲನ್ನೂ ಚಾಚಿದರು.

ದಕ್ಷಿಣದ ಐಸಿಗೆ ಆಯುಷ್ಯ ಕಡಿಮೆ. ಮೂರನೆಯ ದಿನ ಬಿಸಿಲು ಚುರುಕಾಗಿ ಬಂತು. ಬೆಳಗಿನಿಂದ ಸೂರಿನ ನೀರು ತೊಟ್ಟಿಕ್ಕಿ, ಮಧ್ಯಾಹ್ನಕ್ಕೆ ರಸ್ತೆಯೆಲ್ಲ ಒಣಗಿ ಕಪ್ಪಗಾಯಿತು. ಪಕ್ಕದ ಮನೆಯ ಮಕ್ಕಳು ಸೈಕಲ್ ತೆಗೆದರು. ಸಂಜೆ ನಾವು ಕಾಫಿ ಕುಡಿಯುತ್ತಿರುವಾಗ ಫ್ರಿಜ್ಜು ಗುರ್ ಎಂದಿತು, ತಲೆಯ ಮೇಲೆ ದೀಪ ಹೊತ್ತಿಕೊಂಡಿತು. ರಸ್ತೆಯಾಚೆ ಆಂಟಿಯ ಮನೆಯ ಮುಂದಿನ ದೀಪವೂ ಹೊತ್ತಿತು. ಮೂವರೂ ನೋಡಿದೆವು. ವೀಣಾ ಬರಿದಾದ ಲೋಟವನ್ನು ತಿರುಗಿಸುತ್ತಾ ಕೂತಳು. ಇಲ್ಲೇ ಇರಿ ಎಂದು ಇವರಿಗೆ ಹೇಳುವುದು ಹೇಗೆ? ಹೇಳಿದರೆ ಇರುವವರಲ್ಲ, ಬಿಗುಮಾನಕ್ಕಾದರೂ ಎದ್ದು ಹೊರಟುಬಿಡುತ್ತಾರೆ.

ಆಂಟಿ ಎದ್ದು ಕಿಟಕಿಯ ಹತ್ತಿರ ಹೋದರು. ಸೈಕಲ್ ಮಕ್ಕಳು ಕಿರುಚುತ್ತಾ ಸುತ್ತು ಹೊಡೆಯುತ್ತಿದ್ದ, ಎಲ್ಲೂ ಒಂದು ಹನಿ ತೇವವಿಲ್ಲದ ಆ ರಸ್ತೆಯನ್ನು ತುಂಬ ಹೊತ್ತು ನೋಡಿದರು.

"ಇನ್ನೂ ಐಸ್ ಇದೆ ಕಣೆ, ವೀಣಾ," ಎಂದರು.

ವೀಣಾ ಅವರ ಪಕ್ಕಕ್ಕೆ ಹೋಗಿ ನಿಂತು ತಾನೂ ನೋಡಿದಳು.

"ಹೌದು ಆಂಟಿ," ಎಂದಳು. "ತುಂಬಾ ಇದೆ."

ನಾನು ಮೂವರಿಗೆ ಅಕ್ಕಿ ತೊಳೆಯಲು ಒಳಗೆ ಹೋದೆ.